ಬೆಣ್ಣೆ ಮತ್ತು ಚೀಸ್ ನಡುವಿನ ವ್ಯತ್ಯಾಸ: ಮಾಗಡಿ ಭಾಗದ ಹೈನುಗಾರರಿಗೆ ತಾಂತ್ರಿಕ ಮಾಹಿತಿ

ಪೀಠಿಕೆ

ಮಾಗಡಿ, ಕನಕಪುರ, ಚನ್ನಪಟ್ಟಣ ಮತ್ತು ರಾಮನಗರ ತಾಲ್ಲೂಕುಗಳಲ್ಲಿ ರಾಗಿ, ರೇಷ್ಮೆ ಮತ್ತು ಮಾವಿನ ಜೊತೆಗೆ ಹೈನುಗಾರಿಕೆಯು ರೈತ ಕುಟುಂಬದ ನಿತ್ಯದ ಆದಾಯದ ಆಧಾರವಾಗಿದೆ. ಇಲ್ಲಿನ ಹಾಲಿನ ಬಹುಪಾಲು ಗ್ರಾಮದ ಸಹಕಾರ ಸಂಘಗಳ ಮೂಲಕ ಬೆಂಗಳೂರು ಹಾಲು ಒಕ್ಕೂಟಕ್ಕೆ (ಬಮೂಲ್) ಸೇರುತ್ತದೆ. ಉಳಿದದ್ದು ಮನೆಯಲ್ಲಿ ಮೊಸರು, ಬೆಣ್ಣೆ ಮತ್ತು ತುಪ್ಪವಾಗುತ್ತದೆ. ಬಿಡದಿಯ ತಟ್ಟೆ ಇಡ್ಲಿಯ ಮೇಲಿನ ಬೆಣ್ಣೆ ಈ ಭಾಗದವರಿಗೆಲ್ಲ ಪರಿಚಿತ. ಚೀಸ್ ಮಾತ್ರ ಇತ್ತೀಚಿನವರೆಗೆ ಪೇಟೆಯ ವಸ್ತುವಾಗಿತ್ತು. ಈಗ ಬೆಂಗಳೂರಿನ ಬೇಕರಿ ಮತ್ತು ಹೋಟೆಲುಗಳ ಬೇಡಿಕೆಯಿಂದಾಗಿ, ಹಾಗೂ ಕನಕಪುರ ತಾಲ್ಲೂಕಿನ ಶಿವನಹಳ್ಳಿಯಲ್ಲಿರುವ ಬಮೂಲ್ ಡೇರಿ ಸಂಕೀರ್ಣದಲ್ಲಿ ಚೀಸ್ ತಯಾರಿಕೆಯ ವ್ಯವಸ್ಥೆ ಇರುವುದರಿಂದ, ಅದು ನಮ್ಮ ಹಾಲಿನ ಉತ್ಪನ್ನವೂ ಆಗಿದೆ.

ಬೆಣ್ಣೆ ಮತ್ತು ಚೀಸ್ ಎರಡೂ ಹಾಲಿನಿಂದ ಬರುವ, ಹಳದಿ ಬಣ್ಣದ, ಜಿಡ್ಡುಳ್ಳ ಪದಾರ್ಥಗಳಾದ್ದರಿಂದ ಇವೆರಡೂ ಹೆಚ್ಚು ಕಡಿಮೆ ಒಂದೇ ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವವಾಗಿ ಇವು ಹಾಲಿನ ಎರಡು ಬೇರೆ ಬೇರೆ ಘಟಕಗಳಿಂದ, ಎರಡು ಬೇರೆ ಬೇರೆ ಕ್ರಿಯೆಗಳಿಂದ ಆಗುವಂಥವು. ಈ ವ್ಯತ್ಯಾಸವನ್ನು ತಿಳಿಯುವುದರಿಂದ ರೈತರಿಗೆ ಮತ್ತು ಮಹಿಳಾ ಸ್ವಸಹಾಯ ಸಂಘಗಳಿಗೆ ಮೂರು ಪ್ರಯೋಜನಗಳಿವೆ: ಹೆಚ್ಚುವರಿ ಹಾಲನ್ನು ಯಾವ ರೂಪಕ್ಕೆ ತಿರುಗಿಸಬೇಕೆಂದು ನಿರ್ಧರಿಸಬಹುದು, ಸಂಘಕ್ಕೆ ಹಾಕುವ ಹಾಲಿನ ದರ ಕಡಿಮೆಯಾಗದಂತೆ ನೋಡಿಕೊಳ್ಳಬಹುದು, ಅಸುರಕ್ಷಿತ ಹಾಗೂ ನಕಲಿ ಪದಾರ್ಥಗಳಿಂದ ಪಾರಾಗಬಹುದು.

ಹಾಲಿನಲ್ಲಿರುವ ಘಟಕಗಳು

ಹಾಲಿನಲ್ಲಿ ಸುಮಾರು ಶೇ. 83 ರಿಂದ 88 ರಷ್ಟು ನೀರು ಇರುತ್ತದೆ. ಉಳಿದ ಘನಾಂಶವನ್ನು ಜಿಡ್ಡು ಮತ್ತು ಜಿಡ್ಡೇತರ ಘನಾಂಶ ಎಂದು ವಿಂಗಡಿಸಲಾಗುತ್ತದೆ. ಜಿಡ್ಡೇತರ ಘನಾಂಶದಲ್ಲಿ ಪ್ರೋಟೀನು, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಮತ್ತು ಸುಣ್ಣ, ರಂಜಕ ಮುಂತಾದ ಖನಿಜಗಳು ಸೇರಿವೆ.

- ಜಿಡ್ಡು: ಮಿಶ್ರತಳಿ ಹಸುವಿನ ಹಾಲಿನಲ್ಲಿ ಸಾಮಾನ್ಯವಾಗಿ ಶೇ. 3.5 ರಿಂದ 4.5, ಎಮ್ಮೆಯ ಹಾಲಿನಲ್ಲಿ ಶೇ. 6 ರಿಂದ 8 ರಷ್ಟಿರುತ್ತದೆ. ಇದು ಕಣ್ಣಿಗೆ ಕಾಣದ ಸಣ್ಣ ಗೋಲಿಗಳ ರೂಪದಲ್ಲಿ ಹಾಲಿನಲ್ಲಿ ತೇಲುತ್ತಿರುತ್ತದೆ. ಪ್ರತಿ ಗೋಲಿಯ ಸುತ್ತ ತೆಳುವಾದ ಪೊರೆಯಿದ್ದು, ಗೋಲಿಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ.
- ಪ್ರೋಟೀನು: ಹಸುವಿನ ಹಾಲಿನಲ್ಲಿ ಶೇ. 3.2 ರಿಂದ 3.5 ರಷ್ಟಿರುತ್ತದೆ. ಇದರ ಐದರಲ್ಲಿ ನಾಲ್ಕು ಭಾಗ ಕೇಸಿನ್, ಉಳಿದದ್ದು ಹಾಲೊಡಕಿನ ಪ್ರೋಟೀನು. ಕೇಸಿನ್ ಸುಣ್ಣದೊಂದಿಗೆ ಸೇರಿ ಅತಿ ಸೂಕ್ಷ್ಮ ಕಣಗಳಾಗಿ ಹಾಲಿನಲ್ಲಿ ಹರಡಿರುತ್ತದೆ. ಹಾಲಿನ ಬಿಳಿ ಬಣ್ಣಕ್ಕೆ ಮುಖ್ಯ ಕಾರಣ ಈ ಕಣಗಳೇ.

ಬೆಣ್ಣೆಯು ಜಿಡ್ಡಿನ ಉತ್ಪನ್ನ. ಚೀಸ್ ಮೂಲತಃ ಕೇಸಿನ್‌ನ ಉತ್ಪನ್ನ. ಚೀಸಿನಲ್ಲಿ ಜಿಡ್ಡು ಇದ್ದರೂ ಅದು ಕೇಸಿನ್ ಹೆಣೆದ ಬಲೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಮುಂದಿನ ಎಲ್ಲ ವ್ಯತ್ಯಾಸಗಳೂ ಇದರಿಂದಲೇ ಹುಟ್ಟುತ್ತವೆ.

ಬೆಣ್ಣೆ ಆಗುವ ಬಗೆ

ಕಡೆಯುವಿಕೆಯು ಯಾಂತ್ರಿಕ ಕ್ರಿಯೆ. ಕಡೆಗೋಲು ತಿರುಗಿದಾಗ ಜಿಡ್ಡಿನ ಗೋಲಿಗಳು ಪರಸ್ಪರ ಬಡಿದು ಪೊರೆ ಹರಿಯುತ್ತದೆ. ಒಳಗಿನ ಜಿಡ್ಡು ಹೊರಬಂದು ಗೋಲಿಗಳು ಒಂದಕ್ಕೊಂದು ಅಂಟಿ ಕಾಳುಗಳಾಗಿ, ನಂತರ ಮುದ್ದೆಯಾಗಿ ಮೇಲೆ ಬರುತ್ತವೆ. ಹಾಲಿನಲ್ಲಿ ನೀರಿನೊಳಗೆ ಜಿಡ್ಡಿನ ಹನಿಗಳಿದ್ದರೆ, ಬೆಣ್ಣೆಯಲ್ಲಿ ಜಿಡ್ಡಿನೊಳಗೆ ನೀರಿನ ಹನಿಗಳಿರುತ್ತವೆ. ಈ ಸ್ಥಾನಪಲ್ಲಟವೇ ಬೆಣ್ಣೆ.

ಇದಕ್ಕೆ ಎರಡು ಮಾರ್ಗಗಳಿವೆ. ಮನೆಗಳಲ್ಲಿ ಕಾಯಿಸಿ ಆರಿಸಿದ ಹಾಲಿಗೆ ಹೆಪ್ಪು ಹಾಕಿ, ಮೊಸರಾದ ಮೇಲೆ ಕಡೆಯುವುದು ವಾಡಿಕೆ. ಡೇರಿಗಳಲ್ಲಿ ಕೆನೆ ಬೇರ್ಪಡಿಸುವ ಯಂತ್ರದಿಂದ ಕೆನೆಯನ್ನು ತೆಗೆದು, ಪಾಶ್ಚರೀಕರಿಸಿ, ತಣಿಸಿ ಕಡೆಯಲಾಗುತ್ತದೆ.

ಎರಡರಲ್ಲಿಯೂ ಉಷ್ಣತೆಯೇ ನಿರ್ಣಾಯಕ. ಕೆನೆಯನ್ನು ಸಾಮಾನ್ಯವಾಗಿ 10 ರಿಂದ 12 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಡೆಯಲಾಗುತ್ತದೆ. ಜಿಡ್ಡು ಭಾಗಶಃ ಗಟ್ಟಿಯಾಗಿದ್ದಾಗ ಮಾತ್ರ ಗೋಲಿಗಳು ಸರಿಯಾಗಿ ಕೂಡುತ್ತವೆ. ಬಿಸಿ ಹೆಚ್ಚಿದ್ದರೆ ಜಿಡ್ಡು ಕರಗಿದ ಸ್ಥಿತಿಯಲ್ಲಿದ್ದು ಬೆಣ್ಣೆ ಅಂಟಂಟಾಗುತ್ತದೆ ಮತ್ತು ಮಜ್ಜಿಗೆಯೊಂದಿಗೆ ಜಿಡ್ಡು ಪೋಲಾಗುತ್ತದೆ. ತೀರ ತಣ್ಣಗಿದ್ದರೆ ಬೆಣ್ಣೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ಬೆಳಗಿನ ಜಾವ ಕಡೆಯುವುದು, ಬೇಸಿಗೆಯಲ್ಲಿ ತಣ್ಣೀರು ಬೆರೆಸುವುದು ಮುಂತಾದ ನಮ್ಮ ಹಿರಿಯರ ಪದ್ಧತಿಗಳಿಗೆ ಇದೇ ಶಾಸ್ತ್ರೀಯ ಕಾರಣ.

ಚೀಸ್ ಆಗುವ ಬಗೆ

ಚೀಸಿನ ತಯಾರಿಕೆಯು ಮುಖ್ಯವಾಗಿ ಜೀವರಾಸಾಯನಿಕ ಕ್ರಿಯೆ. ಇಲ್ಲಿ ಕಡೆಯುವುದಿಲ್ಲ, ಹಾಲನ್ನು ಅಲುಗಾಡದಂತೆ ಇಟ್ಟು ಗಟ್ಟಿಯಾಗಿಸಲಾಗುತ್ತದೆ. ಮುಖ್ಯ ಹಂತಗಳು ಹೀಗಿವೆ:

1. ಜಿಡ್ಡು ಮತ್ತು ಕೇಸಿನ್ ಪ್ರಮಾಣವನ್ನು ಹೊಂದಿಸಿದ ಹಾಲನ್ನು ಪಾಶ್ಚರೀಕರಿಸಿ, ಸುಮಾರು 30 ರಿಂದ 32 ಡಿಗ್ರಿಗೆ ತರಲಾಗುತ್ತದೆ.
2. ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸುವ ಶುದ್ಧ ಬ್ಯಾಕ್ಟೀರಿಯಾ ಹೆಪ್ಪನ್ನು ಸೇರಿಸಲಾಗುತ್ತದೆ.
3. ರೆನ್ನೆಟ್ ಎಂಬ ಕಿಣ್ವವನ್ನು ಬೆರೆಸಲಾಗುತ್ತದೆ. ಕೇಸಿನ್ ಕಣಗಳನ್ನು ಪರಸ್ಪರ ದೂರವಿಡುವ ಹೊರಭಾಗವನ್ನು ಈ ಕಿಣ್ವ ಕತ್ತರಿಸುತ್ತದೆ. ಆಗ ಸುಣ್ಣದ ನೆರವಿನಿಂದ ಕಣಗಳು ಕೂಡಿ ಬಲೆಯಂತಾಗುತ್ತವೆ. ಹಾಲು ಮೆತ್ತನೆಯ ಗಟ್ಟಿಯಾಗುತ್ತದೆ.
4. ಈ ಗಟ್ಟಿಯನ್ನು ತಂತಿಯ ಚಾಕುಗಳಿಂದ ಸಣ್ಣ ಘನಗಳಾಗಿ ಕತ್ತರಿಸಿ, ನಿಧಾನವಾಗಿ ಬಿಸಿಮಾಡಿ ಹಾಲೊಡಕನ್ನು ಹೊರತೆಗೆಯಲಾಗುತ್ತದೆ.
5. ಉಪ್ಪು ಸೇರಿಸಿ, ಅಚ್ಚಿನಲ್ಲಿಟ್ಟು ಒತ್ತಲಾಗುತ್ತದೆ.
6. ಚೆಡ್ಡರ್‌ನಂತಹ ಚೀಸನ್ನು ತಂಪಾದ ಕೋಣೆಯಲ್ಲಿ ಸುಮಾರು 8 ರಿಂದ 12 ಡಿಗ್ರಿಯಲ್ಲಿ ಹಲವು ತಿಂಗಳು ಹದಗೊಳಿಸಲಾಗುತ್ತದೆ. ಈ ಅವಧಿಯಲ್ಲಿ ಕಿಣ್ವಗಳು ಪ್ರೋಟೀನು ಮತ್ತು ಜಿಡ್ಡನ್ನು ಒಡೆದು ವಿಶಿಷ್ಟ ರುಚಿ ಮತ್ತು ವಾಸನೆಯನ್ನು ನೀಡುತ್ತವೆ.

ಪಿಜ್ಜಾದಲ್ಲಿ ಬಳಸುವ ಮೊಜರೆಲ್ಲಾಗೆ ದೀರ್ಘ ಹದಗೊಳಿಸುವಿಕೆ ಬೇಡ. ಹುಳಿತನ ಸೂಕ್ತ ಮಟ್ಟಕ್ಕೆ ಬಂದಾಗ ಗಟ್ಟಿಯನ್ನು ಬಿಸಿನೀರಿನಲ್ಲಿ ನಾದಿ ಎಳೆಯಲಾಗುತ್ತದೆ. ಆದ್ದರಿಂದಲೇ ಅದು ನೂಲಿನಂತೆ ಎಳೆಯಾಗಿ ಬರುತ್ತದೆ. ಪೇಟೆಯಲ್ಲಿ ಹಾಳೆ ಹಾಗೂ ಘನಗಳ ರೂಪದಲ್ಲಿ ದೊರೆಯುವುದು ಬಹುತೇಕ ಸಂಸ್ಕರಿತ ಚೀಸ್. ಹದವಾದ ಚೀಸನ್ನು ಪುಡಿಮಾಡಿ, ಲವಣಗಳೊಂದಿಗೆ ಕರಗಿಸಿ ಮತ್ತೆ ಅಚ್ಚು ಹಾಕಿದ ಪದಾರ್ಥವಿದು.

ಗಿಣ್ಣು, ಪನೀರ್ ಮತ್ತು ಚೀಸ್: ಹೆಸರಿನ ಗೊಂದಲ

ಚೀಸ್ ಎಂಬ ಪದವನ್ನು ಕನ್ನಡದಲ್ಲಿ ಹಲವೆಡೆ ‘ಗಿಣ್ಣು’ ಎಂದು ಅನುವಾದಿಸುವುದುಂಟು. ಆದರೆ ನಮ್ಮ ಮನೆಗಳ ಗಿಣ್ಣು ಬೇರೆಯೇ ಪದಾರ್ಥ. ಕರು ಹಾಕಿದ ಮೊದಲ ದಿನಗಳ ಗಿಣ್ಣು ಹಾಲಿನಲ್ಲಿ ರೋಗನಿರೋಧಕ ಪ್ರೋಟೀನುಗಳು ಅತಿ ಹೆಚ್ಚಾಗಿರುತ್ತವೆ. ಬೆಲ್ಲ, ಏಲಕ್ಕಿ ಸೇರಿಸಿ ಹಬೆಯಲ್ಲಿ ಬೇಯಿಸಿದಾಗ ಅವು ಮೊಟ್ಟೆಯಂತೆ ಕಾವಿಗೆ ಗಟ್ಟಿಯಾಗುತ್ತವೆ. ಇದಕ್ಕೆ ರೆನ್ನೆಟ್ ಆಗಲಿ, ಹೆಪ್ಪಾಗಲಿ ಬೇಕಿಲ್ಲ. ಹಾಲೊಡಕನ್ನು ಬಸಿಯುವುದೂ ಇಲ್ಲ. ಆದ್ದರಿಂದ ಈ ಲೇಖನದಲ್ಲಿ ಚೀಸ್ ಎಂಬ ಪದವನ್ನೇ ಉಳಿಸಿಕೊಳ್ಳಲಾಗಿದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಗಿಣ್ಣು ಹಾಲು ಮೊದಲು ಕರುವಿನ ಹಕ್ಕು. ಹುಟ್ಟುವಾಗ ಕರುವಿನ ರಕ್ತದಲ್ಲಿ ರೋಗನಿರೋಧಕ ಅಂಶಗಳು ಇರುವುದಿಲ್ಲವೆಂದೇ ಹೇಳಬೇಕು. ಅವು ಗಿಣ್ಣು ಹಾಲಿನಿಂದಲೇ ದೊರೆಯಬೇಕು. ಅವುಗಳನ್ನು ಹೀರಿಕೊಳ್ಳುವ ಕರುಳಿನ ಶಕ್ತಿಯು ಗಂಟೆ ಗಂಟೆಗೂ ಕುಗ್ಗುತ್ತ ಹೋಗಿ ಸುಮಾರು ಒಂದು ದಿನದಲ್ಲಿ ನಿಂತುಹೋಗುತ್ತದೆ. ಆದಕಾರಣ ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಗಿಣ್ಣು ಹಾಲನ್ನು ಕುಡಿಸಿ, ಮೊದಲ ದಿನ ಕರುವಿನ ತೂಕದ ಸುಮಾರು ಹತ್ತನೆಯ ಒಂದು ಭಾಗದಷ್ಟು ನೀಡತಕ್ಕದ್ದು. ಮಿಕ್ಕಿದ್ದನ್ನು ಮಾತ್ರ ಮನೆಗೆ ಬಳಸುವುದು ಸೂಕ್ತ.

ಪನೀರ್ ಈ ಎರಡರ ನಡುವಿನದು. ಬಿಸಿ ಹಾಲಿಗೆ ನಿಂಬೆರಸ ಅಥವಾ ಸಿಟ್ರಿಕ್ ಆಮ್ಲ ಹಾಕಿ ಒಡೆಸಿ, ಬಸಿದು, ಒತ್ತಿದಾಗ ಪನೀರ್ ಆಗುತ್ತದೆ. ಕೇಸಿನ್ ಜೊತೆಗೆ ಹಾಲೊಡಕಿನ ಪ್ರೋಟೀನಿನ ಬಹುಭಾಗವೂ ಕಾವಿನಿಂದ ಅದರಲ್ಲಿಯೇ ಸೇರಿಕೊಳ್ಳುತ್ತದೆ. ವಿಶಾಲವಾದ ಅರ್ಥದಲ್ಲಿ ಅದನ್ನು ಹದಗೊಳಿಸದ, ಆಮ್ಲದಿಂದ ಮಾಡಿದ ಚೀಸ್ ಎನ್ನಬಹುದು. ಆದರೆ ಅದು ಕಾಯಿಸಿದರೆ ಕರಗುವುದಿಲ್ಲ. ರೆನ್ನೆಟ್ಟಿನಿಂದಾದ ಚೀಸಿನಲ್ಲಿ ಸುಣ್ಣದ ಬಂಧಗಳು ಉಳಿದಿರುವುದರಿಂದ ಅದು ಕರಗಿ ಎಳೆಯಾಗುತ್ತದೆ.

ಹೋಲಿಕೆ ಪಟ್ಟಿ

| ವಿವರ | ಬೆಣ್ಣೆ | ಚೀಸ್ (ಚೆಡ್ಡರ್ ಮಾದರಿ) |
|---|---|---|
| ಮೂಲ ಘಟಕ | ಹಾಲಿನ ಜಿಡ್ಡು | ಕೇಸಿನ್, ಅದರೊಳಗೆ ಜಿಡ್ಡು |
| ಮುಖ್ಯ ಕ್ರಿಯೆ | ಕಡೆಯುವುದು | ಹೆಪ್ಪುಗಟ್ಟಿಸುವುದು, ಬಸಿಯುವುದು, ಹದಗೊಳಿಸುವುದು |
| ಜಿಡ್ಡು | ಶೇ. 80 ರಿಂದ 82 | ಸುಮಾರು ಶೇ. 33 |
| ಪ್ರೋಟೀನು | ಶೇ. 1 ಕ್ಕಿಂತ ಕಡಿಮೆ | ಸುಮಾರು ಶೇ. 25 |
| ತೇವಾಂಶ | ಸುಮಾರು ಶೇ. 16 | ಶೇ. 36 ರಿಂದ 39 |
| ಸುಣ್ಣ (100 ಗ್ರಾಂಗೆ) | ಸುಮಾರು 20 ಮಿ.ಗ್ರಾಂ | ಸುಮಾರು 700 ಮಿ.ಗ್ರಾಂ |
| ಶಕ್ತಿ (100 ಗ್ರಾಂಗೆ) | ಸುಮಾರು 720 ಕಿಲೋ ಕ್ಯಾಲೊರಿ | ಸುಮಾರು 400 ಕಿಲೋ ಕ್ಯಾಲೊರಿ |
| ಉಪ ಉತ್ಪನ್ನ | ಮಜ್ಜಿಗೆ, ಕೆನೆರಹಿತ ಹಾಲು | ಹಾಲೊಡಕು |
| ಬೇಕಾಗುವ ಸಮಯ | ಒಂದು ದಿನ | ಕೆಲವು ದಿನಗಳಿಂದ ಒಂದು ವರ್ಷದವರೆಗೆ |
| ಕಾಯಿಸಿದಾಗ | ಪೂರ್ಣ ಕರಗಿ ತುಪ್ಪವಾಗುತ್ತದೆ | ಮೃದುವಾಗಿ ಎಳೆಯಾಗುತ್ತದೆ, ತುಪ್ಪವಾಗದು |

ಹತ್ತು ಲೀಟರ್ ಹಾಲಿನ ಲೆಕ್ಕ

ಶೇ. 4 ಜಿಡ್ಡಿನ 10 ಲೀಟರ್ ಹಸುವಿನ ಹಾಲು ಸುಮಾರು 10.3 ಕೆ.ಜಿ. ತೂಗುತ್ತದೆ. ಅದರಲ್ಲಿರುವ ಜಿಡ್ಡು ಸುಮಾರು 410 ಗ್ರಾಂ.

- ಯಂತ್ರದಿಂದ ಕೆನೆ ತೆಗೆದು ಕಡೆದರೆ ಸುಮಾರು 480 ಗ್ರಾಂ ಬೆಣ್ಣೆ ನಿರೀಕ್ಷಿಸಬಹುದು. ಶೇ. 7 ಜಿಡ್ಡಿನ ಎಮ್ಮೆ ಹಾಲಾದರೆ ಇದು ಸುಮಾರು 850 ಗ್ರಾಂ ಆಗುತ್ತದೆ.
- ಮನೆಯಲ್ಲಿ ಮೊಸರು ಕಡೆದಾಗ ಶೇ. 15 ರಷ್ಟು ಜಿಡ್ಡು ಮಜ್ಜಿಗೆಯಲ್ಲಿ ಉಳಿಯಿತೆಂದು ಭಾವಿಸಿದರೆ, ಹಸುವಿನ ಹಾಲಿನಿಂದ ದೊರೆಯುವ ಬೆಣ್ಣೆ 430 ರಿಂದ 440 ಗ್ರಾಂ.
- ಅಷ್ಟೇ ಹಸುವಿನ ಹಾಲಿನಿಂದ ಸುಮಾರು 1 ಕೆ.ಜಿ. ಗಿಂತ ತುಸು ಹೆಚ್ಚು ಚೆಡ್ಡರ್ ಚೀಸ್, ಅಥವಾ ಸುಮಾರು ಒಂದೂವರೆ ಕೆ.ಜಿ. ಪನೀರ್ ದೊರೆಯುತ್ತದೆ. ಎಮ್ಮೆಯ ಹಾಲಿನಿಂದ ಪನೀರ್ 2 ಕೆ.ಜಿ. ಅಥವಾ ತುಸು ಹೆಚ್ಚು ಬರುತ್ತದೆ.

ಚೀಸಿನ ತೂಕ ಹೆಚ್ಚು ಎಂದ ಮಾತ್ರಕ್ಕೆ ಲಾಭವೂ ಹೆಚ್ಚು ಎಂದು ತಿಳಿಯಬಾರದು. ಬೆಣ್ಣೆ ತೆಗೆದ ನಂತರ ಪ್ರೋಟೀನು, ಸುಣ್ಣ ಮತ್ತು ಸಕ್ಕರೆಯೆಲ್ಲವೂ ಮಜ್ಜಿಗೆ ಅಥವಾ ಕೆನೆರಹಿತ ಹಾಲಿನಲ್ಲಿ ಮನೆಯಲ್ಲಿಯೇ ಉಳಿಯುತ್ತವೆ. ಚೀಸ್ ಮಾಡಿದಾಗ ಜಿಡ್ಡು ಮತ್ತು ಕೇಸಿನ್ ಎರಡೂ ಮಾರಾಟವಾಗಿ ಹಾಲೊಡಕು ಮಾತ್ರ ಉಳಿಯುತ್ತದೆ. ಲೆಕ್ಕ ಹಾಕುವಾಗ ಉಪ ಉತ್ಪನ್ನದ ಬೆಲೆ, ಸೌದೆ ಅಥವಾ ಅನಿಲ, ವಿದ್ಯುತ್, ದುಡಿಮೆಯ ಹೊತ್ತು ಮತ್ತು ಮಾರಾಟವಾಗದೆ ಉಳಿಯುವ ಪ್ರಮಾಣವನ್ನು ಸೇರಿಸಿಕೊಳ್ಳತಕ್ಕದ್ದು.

ಅತಿ ಮುಖ್ಯವಾದ ವಿಷಯವೆಂದರೆ ಒಂದೇ ಹಾಲಿನ ಜಿಡ್ಡನ್ನು ಎರಡು ಸಲ ಮಾರಲಾಗದು. ಕೆನೆ ತೆಗೆದ ಹಾಲಿನಿಂದ ಚೀಸ್ ಅಥವಾ ಪನೀರ್ ಮಾಡಿದರೆ ಅದು ರಬ್ಬರಿನಂತೆ ಗಡುಸಾಗುತ್ತದೆ, ಇಳುವರಿಯೂ ಕುಗ್ಗುತ್ತದೆ. ಕಡಿಮೆ ಜಿಡ್ಡಿನದೆಂದು ಹೆಸರಿಸದೆ ಮಾರಿದರೆ ಅದು ಕಾನೂನಿನ ಉಲ್ಲಂಘನೆಯೂ ಆಗುತ್ತದೆ.

ಸಂಘಕ್ಕೆ ಹಾಲು ಹಾಕುವವರು ಗಮನಿಸಬೇಕಾದ ಅಂಶ

ಸಹಕಾರ ಸಂಘದಲ್ಲಿ ಹಾಲಿನ ದರವು ಜಿಡ್ಡು ಮತ್ತು ಜಿಡ್ಡೇತರ ಘನಾಂಶದ ಮೇಲೆ ನಿರ್ಧಾರವಾಗುತ್ತದೆ. ರಾಜ್ಯ ಸರ್ಕಾರದ ಪ್ರೋತ್ಸಾಹಧನವೂ ಸಂಘಕ್ಕೆ ಹಾಕಿದ ಗುಣಮಟ್ಟದ ಹಾಲಿಗೆ ಮಾತ್ರ. ಮನೆಯ ಬೆಣ್ಣೆಗಾಗಿ ಮೇಲಿನ ಕೆನೆಯನ್ನು ತೆಗೆದು ಉಳಿದ ಹಾಲನ್ನು ಸಂಘಕ್ಕೆ ಹಾಕುವ ರೂಢಿ ಕೆಲವೆಡೆ ಇದೆ. ಇದರಿಂದಾಗುವ ನಷ್ಟವನ್ನು ಮೇಲಿನ ಉದಾಹರಣೆಯಿಂದಲೇ ಕಾಣಬಹುದು.

10 ಲೀಟರ್ ಹಾಲಿನಿಂದ 200 ಗ್ರಾಂ ಬೆಣ್ಣೆಗೆ ಬೇಕಾಗುವ ಕೆನೆ ತೆಗೆದರೆ ಸುಮಾರು 164 ಗ್ರಾಂ ಜಿಡ್ಡು ಹೋಗುತ್ತದೆ. ಉಳಿದ ಹಾಲಿನ ಜಿಡ್ಡು ಶೇ. 4 ರಿಂದ ಸುಮಾರು ಶೇ. 2.5 ಕ್ಕೆ ಇಳಿಯುತ್ತದೆ. ಹಸುವಿನ ಹಾಲಿಗೆ ಆಹಾರ ಸುರಕ್ಷತೆಯ ನಿಯಮದಲ್ಲಿ ಕನಿಷ್ಠ ಶೇ. 3.2 ಜಿಡ್ಡು ಮತ್ತು ಶೇ. 8.3 ಜಿಡ್ಡೇತರ ಘನಾಂಶ ನಿಗದಿಯಾಗಿದೆ. ಅಂದರೆ 200 ಗ್ರಾಂ ಬೆಣ್ಣೆಯ ಆಸೆಗೆ ಹತ್ತು ಲೀಟರ್ ಹಾಲೂ ತಿರಸ್ಕೃತವಾಗುವ ಸಂಭವವಿದೆ. ಇದಕ್ಕೆ ಬದಲಾಗಿ ಮನೆಗೆ ಬೇಕಾದಷ್ಟು ಹಾಲನ್ನು, ಉದಾಹರಣೆಗೆ 4 ರಿಂದ 5 ಲೀಟರನ್ನು, ಕರೆದ ಕೂಡಲೇ ಚೆನ್ನಾಗಿ ಕಲಕಿ ಪ್ರತ್ಯೇಕಿಸಿ, ಉಳಿದದ್ದನ್ನು ಇಡಿಯಾಗಿ ಸಂಘಕ್ಕೆ ಹಾಕುವುದು ಸರಿಯಾದ ಕ್ರಮ.

ಜಿಡ್ಡಿನ ಪ್ರಮಾಣವು ಮೇವಿನ ಮೇಲೂ ಅವಲಂಬಿಸಿದೆ. ಹಿಂಡಿ ಹೆಚ್ಚು ಕೊಟ್ಟು ರಾಗಿ ಹುಲ್ಲು ಮತ್ತು ಹಸಿರು ಮೇವನ್ನು ಕಡಿಮೆ ಮಾಡಿದರೆ ನಾರಿನ ಕೊರತೆಯಿಂದ ಜಿಡ್ಡು ಇಳಿಯುತ್ತದೆ. ಕೇಸಿನ್ ಪ್ರಮಾಣವು ಮೇವಿಗಿಂತ ಹೆಚ್ಚಾಗಿ ತಳಿಯ ಮೇಲೆ ಮತ್ತು ಕೆಚ್ಚಲಿನ ಆರೋಗ್ಯದ ಮೇಲೆ ಅವಲಂಬಿತ.

ಮನೆಮಟ್ಟದಲ್ಲಿ ಉತ್ತಮ ಬೆಣ್ಣೆ ತಯಾರಿಸುವ ವಿಧಾನ

- ಹಾಲನ್ನು ಕುದಿಸಿ, ಉಗುರುಬೆಚ್ಚಗೆ ಆರಿಸಿ, ಹಿಂದಿನ ದಿನದ ಸಿಹಿಯಾದ ತಾಜಾ ಮೊಸರಿನ ಹೆಪ್ಪನ್ನು ಶೇ. 1 ರಿಂದ 2 ರಷ್ಟು ಹಾಕಬೇಕು.
- ಹಲವು ದಿನಗಳ ಕೆನೆಯನ್ನು ಕೂಡಿಡುವುದಾದರೆ ಶೈತ್ಯಪೆಟ್ಟಿಗೆಯಲ್ಲಿಯೇ ಇಡಬೇಕು. ನಾಲ್ಕೈದು ದಿನ ಮೀರಬಾರದು. ಹೊರಗಿಟ್ಟ ಹಳೆಯ ಕೆನೆಯಿಂದ ಕಮಟು ವಾಸನೆ ಬರುತ್ತದೆ.
- ಬೆಣ್ಣೆ ಕಾಳುಗಳು ಸಾಸಿವೆಗಿಂತ ದೊಡ್ಡದಾಗಿ ಕಂಡಾಗ ತಣ್ಣೀರು ಹಾಕಿ ಕಡೆಯುವುದನ್ನು ನಿಧಾನಗೊಳಿಸಬೇಕು.
- ಮಜ್ಜಿಗೆ ಬಸಿದ ನಂತರ ಶುದ್ಧವಾದ ತಣ್ಣೀರಿನಲ್ಲಿ ಎರಡು ಮೂರು ಬಾರಿ ತೊಳೆಯಬೇಕು. ಉಳಿದ ಮಜ್ಜಿಗೆಯ ಸಕ್ಕರೆ ಮತ್ತು ಪ್ರೋಟೀನುಗಳೇ ಬೆಣ್ಣೆ ಬೇಗ ಕೆಡಲು ಕಾರಣ.
- ಮುದ್ದೆಯನ್ನು ಚೆನ್ನಾಗಿ ನಾದಿ ಬಿಡಿ ನೀರನ್ನು ತೆಗೆಯಬೇಕು. ನೀರು ಅತಿ ಸಣ್ಣ ಹನಿಗಳಾಗಿ ಹರಡಿದಷ್ಟೂ ಸೂಕ್ಷ್ಮಜೀವಿಗಳು ಬೆಳೆಯಲು ಎಡೆ ಕಡಿಮೆ.
- ಕಲಾಯಿ ಇಲ್ಲದ ತಾಮ್ರ ಅಥವಾ ಹಿತ್ತಾಳೆಯ ಪಾತ್ರೆಯನ್ನು ಬಳಸಬಾರದು. ಲೋಹದ ಅಂಶವು ಜಿಡ್ಡು ಕೆಡುವುದನ್ನು ವೇಗಗೊಳಿಸುತ್ತದೆ. ಬಿಸಿಲು ಬೀಳದ ತಂಪು ಜಾಗದಲ್ಲಿ ಮುಚ್ಚಿಡಬೇಕು.

ಹಸುವಿನ ಬೆಣ್ಣೆಯ ಹಳದಿ ಬಣ್ಣವು ಹಸಿರು ಮೇವಿನ ಕ್ಯಾರೋಟಿನ್‌ನಿಂದ ಬರುತ್ತದೆ. ಎಮ್ಮೆಯು ಕ್ಯಾರೋಟಿನ್ ಅನ್ನು ವಿಟಮಿನ್ ‘ಎ’ ಆಗಿ ಪರಿವರ್ತಿಸುವುದರಿಂದ ಅದರ ಬೆಣ್ಣೆ ಬಿಳಿಯಾಗಿರುತ್ತದೆ. ಬಿಳಿ ಬಣ್ಣ ಕಲಬೆರಕೆಯ ಲಕ್ಷಣವಲ್ಲ.

ಹಳ್ಳಿಯಲ್ಲಿ ಚೀಸ್ ತಯಾರಿಸಬಹುದೇ?

ಹದಗೊಳಿಸುವ ಚೀಸಿಗೆ ಶುದ್ಧ ಹೆಪ್ಪು, ರೆನ್ನೆಟ್, ಹುಳಿತನದ ಅಳತೆ, ಮತ್ತು ತಿಂಗಳುಗಟ್ಟಲೆ ಒಂದೇ ತಂಪನ್ನು ಕಾಯ್ದುಕೊಳ್ಳುವ ಕೋಣೆ ಬೇಕು. ವಿದ್ಯುತ್ ಕೆಲವು ಗಂಟೆ ನಿಂತರೂ ನಷ್ಟವಾಗಬಹುದು. ಹೂಡಿದ ಹಣ ಹಿಂದಿರುಗಲು ತಿಂಗಳುಗಳೇ ಬೇಕು. ಆದ್ದರಿಂದ ಒಂದೆರಡು ಹಸುಗಳಿರುವ ಕುಟುಂಬಕ್ಕೆ ಇದು ಸೂಕ್ತವಲ್ಲ. ಇಂತಹ ಕುಟುಂಬದ ಹಾಲು ಸಂಘದ ಮೂಲಕ ದೊಡ್ಡ ಡೇರಿಯನ್ನು ಸೇರಿ ಅಲ್ಲಿ ಚೀಸ್ ಆಗುವುದೇ ಲಾಭದಾಯಕ.

ದಿನಕ್ಕೆ 50 ರಿಂದ 100 ಲೀಟರ್ ಹಾಲನ್ನು ಒಟ್ಟುಗೂಡಿಸಬಲ್ಲ ಸ್ವಸಹಾಯ ಸಂಘಗಳು ಪನೀರ್‌ನಿಂದ ಆರಂಭಿಸುವುದು ಒಳಿತು. ಹಾಲನ್ನು 90 ಡಿಗ್ರಿಗೆ ಕಾಯಿಸಿ, ಸುಮಾರು 70 ರಿಂದ 75 ಡಿಗ್ರಿಗೆ ಇಳಿಸಿ, ಅಷ್ಟೇ ಬಿಸಿಯಿರುವ ಶೇ. 1 ರ ಸಿಟ್ರಿಕ್ ಆಮ್ಲದ ದ್ರಾವಣವನ್ನು ತಿಳಿಹಸಿರು ಹಾಲೊಡಕು ಬಿಡುವವರೆಗೆ ನಿಧಾನವಾಗಿ ಹಾಕಬೇಕು. ಐದು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಬಸಿದು, ಭಾರವಿಟ್ಟು ಒತ್ತಿ, ಎರಡು ಗಂಟೆ ತಣ್ಣೀರಿನಲ್ಲಿ ಮುಳುಗಿಸಿ, ನಂತರ 4 ಡಿಗ್ರಿಯಲ್ಲಿ ಇಡಬೇಕು. ಪನೀರ್‌ನ ಬಾಳಿಕೆ ಕಡಿಮೆ. ಗಾಳಿಯಾಡದ ಪೊಟ್ಟಣವಿಲ್ಲದಿದ್ದರೆ ಶೈತ್ಯಪೆಟ್ಟಿಗೆಯಲ್ಲಿಯೂ ಸುಮಾರು ಒಂದು ವಾರ ಮಾತ್ರ. ಮಾರುಕಟ್ಟೆಯನ್ನು ಖಚಿತಪಡಿಸಿಕೊಂಡ ನಂತರವೇ ತಯಾರಿಕೆಗೆ ಇಳಿಯತಕ್ಕದ್ದು.

ಸುರಕ್ಷತೆ

ಹಸಿ ಹಾಲಿನಿಂದ ನೇರವಾಗಿ ಮಾಡಿದ ಬೆಣ್ಣೆ ಮತ್ತು ಮೃದು ಚೀಸ್ ಅಪಾಯಕಾರಿ. ಕಂದು ರೋಗವೆಂದು ಕರೆಯುವ ಬ್ರೂಸೆಲ್ಲೋಸಿಸ್ ಹಾಗೂ ಕ್ಷಯದ ರೋಗಾಣುಗಳು ಹಸಿ ಹಾಲಿನ ಮೂಲಕ ಮನುಷ್ಯರಿಗೆ ಹರಡುತ್ತವೆ. ಬ್ರೂಸೆಲ್ಲೋಸಿಸ್ ತಗುಲಿದವರಿಗೆ ಬಿಟ್ಟು ಬಿಟ್ಟು ಬರುವ ಜ್ವರ, ಬೆವರು, ಕೀಲುನೋವು ತಿಂಗಳುಗಟ್ಟಲೆ ಕಾಡಬಹುದು. ಗರ್ಭಿಣಿಯರಿಗೆ ಗರ್ಭಪಾತದ ಅಪಾಯವೂ ಇದೆ. ಹಾಲನ್ನು 63 ಡಿಗ್ರಿಯಲ್ಲಿ 30 ನಿಮಿಷ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿದರೆ ಈ ರೋಗಾಣುಗಳು ಸಾಯುತ್ತವೆ. ಕುದಿಸಿ ಹೆಪ್ಪು ಹಾಕುವ ನಮ್ಮ ಸಾಂಪ್ರದಾಯಿಕ ಪದ್ಧತಿ ಈ ದೃಷ್ಟಿಯಿಂದ ಸುರಕ್ಷಿತ. ಕೊನೆಯ ತಿಂಗಳುಗಳಲ್ಲಿ ಕಂದು ಹಾಕಿದ ರಾಸಿನ ಹಾಲನ್ನು ಪಶುವೈದ್ಯರ ಪರೀಕ್ಷೆಯಾಗುವವರೆಗೆ ಯಾವ ಉತ್ಪನ್ನಕ್ಕೂ ಬಳಸಬಾರದು. 4 ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಬ್ರೂಸೆಲ್ಲಾ ಲಸಿಕೆಯನ್ನು ತಪ್ಪದೆ ಹಾಕಿಸತಕ್ಕದ್ದು.

ಕೆಚ್ಚಲು ಬಾವು ಬಂದ ಹಸುವಿನ ಹಾಲಿನಲ್ಲಿ ಕೇಸಿನ್ ಕಡಿಮೆಯಾಗಿ ಚೀಸ್ ಮತ್ತು ಪನೀರ್ ಇಳುವರಿ ಕುಗ್ಗುತ್ತದೆ. ಚಿಕಿತ್ಸೆಗೆ ಬಳಸಿದ ಪ್ರತಿಜೀವಕ ಔಷಧಗಳ ಶೇಷವು ಹೆಪ್ಪಿನ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುವುದರಿಂದ ಮೊಸರು ಕಟ್ಟುವುದಿಲ್ಲ, ಚೀಸ್ ಕೈಗೂಡುವುದಿಲ್ಲ. ಒಂದು ಮನೆಯ ಇಂತಹ ಹಾಲು ಇಡೀ ತೊಟ್ಟಿಯ ಹಾಲನ್ನು ಕೆಡಿಸಬಲ್ಲದು. ಆದ್ದರಿಂದ ಔಷಧದ ಮೇಲೆ ನಮೂದಿಸಿದ ಅವಧಿ ಮುಗಿಯುವವರೆಗೆ ಆ ಹಾಲನ್ನು ಸಂಘಕ್ಕೆ ಹಾಕಬಾರದು.

ಗುಣಮಟ್ಟದ ನಿಯಮಗಳು ಮತ್ತು ಲೇಬಲ್

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮಗಳ ಪ್ರಕಾರ:

- ಟೇಬಲ್ ಬೆಣ್ಣೆಯಲ್ಲಿ ಕನಿಷ್ಠ ಶೇ. 80 ಹಾಲಿನ ಜಿಡ್ಡು ಇರಬೇಕು, ತೇವಾಂಶ ಶೇ. 16 ಮತ್ತು ಉಪ್ಪು ಶೇ. 3 ಮೀರಬಾರದು. ಬಿಳಿ ಬೆಣ್ಣೆಯಲ್ಲಿ ಕನಿಷ್ಠ ಶೇ. 76 ಜಿಡ್ಡು ಇರಬೇಕು.
- ಚೆಡ್ಡರ್ ಚೀಸಿನ ತೇವಾಂಶ ಶೇ. 39 ಮೀರಬಾರದು, ಒಣ ಅಂಶದಲ್ಲಿ ಜಿಡ್ಡು ಕನಿಷ್ಠ ಶೇ. 48 ಇರಬೇಕು.
- ಪನೀರ್‌ನ ತೇವಾಂಶ ಶೇ. 60 ಮೀರಬಾರದು, ಒಣ ಅಂಶದಲ್ಲಿ ಜಿಡ್ಡು ಕನಿಷ್ಠ ಶೇ. 50 ಇರಬೇಕು.

ಸಸ್ಯಜನ್ಯ ಎಣ್ಣೆಯಿಂದ ಮಾಡಿದ ಮಾರ್ಗರೀನ್ ಬೆಣ್ಣೆಯಲ್ಲ. ಹಾಲಿನ ಜಿಡ್ಡಿನ ಬದಲು ತಾಳೆ ಎಣ್ಣೆ ಬೆರೆಸಿದ ಚೀಸಿನಂಥ ಪದಾರ್ಥವೂ ಚೀಸ್ ಅಲ್ಲ. ಇವುಗಳ ಮಾರಾಟಕ್ಕೆ ಅವಕಾಶವಿದ್ದರೂ ಬೆಣ್ಣೆ, ಚೀಸ್ ಎಂಬ ಹೆಸರಿನಲ್ಲಿ ಮಾರುವಂತಿಲ್ಲ. ಕೊಳ್ಳುವಾಗ ಪೊಟ್ಟಣದ ಮೇಲಿನ ಪದಾರ್ಥಗಳ ಪಟ್ಟಿಯನ್ನು ಓದುವುದು ಅವಶ್ಯಕ. ಇಂತಹ ಅಗ್ಗದ ಪದಾರ್ಥಗಳು ಹಾಲಿನ ಹೆಸರಿನಲ್ಲಿ ಮಾರಾಟವಾದಾಗ ನಷ್ಟ ಅನುಭವಿಸುವವರು ಗ್ರಾಹಕರಷ್ಟೇ ಅಲ್ಲ, ಹೈನುಗಾರರೂ ಹೌದು. ಮನೆಯಲ್ಲಿ ತಯಾರಿಸಿ ಮಾರುವವರೂ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿ ಪಡೆಯುವುದು ಕಡ್ಡಾಯ.

ಮಜ್ಜಿಗೆ ಮತ್ತು ಹಾಲೊಡಕಿನ ಬಳಕೆ

ಮಜ್ಜಿಗೆಯ ಉಪಯೋಗ ಎಲ್ಲರಿಗೂ ತಿಳಿದಿದೆ. ಹಾಲೊಡಕಿನ ಬಗ್ಗೆ ತಿಳುವಳಿಕೆ ಕಡಿಮೆ. 10 ಲೀಟರ್ ಹಾಲಿನಿಂದ ಸುಮಾರು 8 ರಿಂದ 9 ಲೀಟರ್ ಹಾಲೊಡಕು ಬರುತ್ತದೆ. ಇದರಲ್ಲಿ ಶೇ. 4 ರಿಂದ 5 ರಷ್ಟು ಸಕ್ಕರೆ ಉಳಿದಿರುವುದರಿಂದ ಕೆರೆ ಅಥವಾ ಹಳ್ಳಕ್ಕೆ ಬಿಟ್ಟರೆ ನೀರಿನ ಆಮ್ಲಜನಕವನ್ನೆಲ್ಲ ಹೀರಿ ಮೀನುಗಳು ಸಾಯುತ್ತವೆ. ಚಪಾತಿ ಅಥವಾ ರೊಟ್ಟಿಯ ಹಿಟ್ಟು ಕಲಸಲು, ಸಾರಿಗೆ, ಮಸಾಲೆ ಪಾನೀಯಕ್ಕೆ ಬಳಸಬಹುದು. ತಾಜಾ ಇರುವಾಗ ಹಂದಿ ಮತ್ತು ರಾಸುಗಳಿಗೆ ಮಿತವಾಗಿ ಕುಡಿಸಬಹುದು.

ಆಹಾರದಲ್ಲಿ ಸ್ಥಾನ

ಬೆಣ್ಣೆಯು ಶಕ್ತಿ ಮತ್ತು ವಿಟಮಿನ್ ‘ಎ’ ನೀಡುತ್ತದೆ. ಪ್ರೋಟೀನಿಗೆ ಮತ್ತು ಸುಣ್ಣಕ್ಕೆ ಅದನ್ನು ನೆಚ್ಚಲಾಗದು. ಬೆಳೆಯುವ ಮಕ್ಕಳಿಗೆ ಬೆಣ್ಣೆಯೊಂದೇ ಸಾಕೆಂಬ ಭಾವನೆ ಸರಿಯಲ್ಲ. ಹಾಲು, ಮೊಸರು, ಪನೀರ್ ಸಹ ಬೇಕು. ಚೀಸ್ ಪ್ರೋಟೀನು ಮತ್ತು ಸುಣ್ಣದ ಸಾಂದ್ರ ರೂಪ. ಆದರೆ ಅದರಲ್ಲಿ ಉಪ್ಪು ಹೆಚ್ಚಿರುವುದರಿಂದ ರಕ್ತದೊತ್ತಡವಿರುವವರು ಮಿತವಾಗಿ ಸೇವಿಸಬೇಕು. ಹದವಾದ ಚೀಸಿನಲ್ಲಿ ಲ್ಯಾಕ್ಟೋಸ್ ಬಹುತೇಕ ಇರುವುದಿಲ್ಲವಾದ್ದರಿಂದ ಹಾಲು ಕುಡಿದರೆ ಹೊಟ್ಟೆಯುಬ್ಬರ ಬರುವವರಿಗೂ ಸಾಮಾನ್ಯವಾಗಿ ಒಗ್ಗುತ್ತದೆ.

ಸಾಮಾನ್ಯ ಪ್ರಶ್ನೆಗಳು

*ಚೀಸ್ ಸಸ್ಯಾಹಾರವೇ?* ಹಿಂದೆ ರೆನ್ನೆಟ್ ಅನ್ನು ಎಳೆಗರುವಿನ ಹೊಟ್ಟೆಯಿಂದ ಪಡೆಯುತ್ತಿದ್ದರು. ಭಾರತದ ನಿಯಮದಂತೆ ಚೀಸಿಗೆ ಪ್ರಾಣಿಜನ್ಯವಲ್ಲದ ಕಿಣ್ವವನ್ನೇ ಬಳಸಬೇಕು. ಇವು ಸೂಕ್ಷ್ಮಜೀವಿಗಳಿಂದ ದೊರೆಯುತ್ತವೆ. ಪೊಟ್ಟಣದ ಮೇಲಿನ ಹಸಿರು ಗುರುತನ್ನು ನೋಡಬಹುದು.

*ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಬಸಿದರೆ ಚೀಸ್ ಆಗುತ್ತದೆಯೇ?* ಅದು ಶ್ರೀಖಂಡಕ್ಕೆ ಬಳಸುವ ಗಟ್ಟಿ ಮೊಸರು. ರಚನೆಯಲ್ಲಿ ಮೃದು ಚೀಸಿಗೆ ಹತ್ತಿರವಾದರೂ ಕೆಲವೇ ದಿನ ಉಳಿಯುತ್ತದೆ, ಕರಗಿ ಎಳೆಯಾಗುವುದಿಲ್ಲ.

*ತಾನಾಗಿ ಒಡೆದ ಹಾಲಿನಿಂದ ಪನೀರ್ ಮಾಡಬಹುದೇ?* ಮಾರಾಟಕ್ಕೆ ಖಂಡಿತ ಕೂಡದು. ಅಂತಹ ಹಾಲಿನಲ್ಲಿ ಬೆಳೆದ ಸೂಕ್ಷ್ಮಜೀವಿಗಳ ಕೆಲವು ವಿಷಗಳು ಕುದಿಸಿದರೂ ನಾಶವಾಗುವುದಿಲ್ಲ.

*ಚೀಸಿನಿಂದ ತುಪ್ಪ ತೆಗೆಯಬಹುದೇ?* ಜಿಡ್ಡು ಕೇಸಿನ್ ಬಲೆಯಲ್ಲಿ ಸಿಕ್ಕಿರುವುದರಿಂದ ತುಪ್ಪವಾಗಿ ಬೇರ್ಪಡದು. ತುಪ್ಪಕ್ಕೆ ಬೆಣ್ಣೆ ಅಥವಾ ಕೆನೆಯೇ ದಾರಿ.

ಸಾರಾಂಶ

ಬೆಣ್ಣೆಯು ಹಾಲಿನ ಜಿಡ್ಡನ್ನು ಬೇರ್ಪಡಿಸಿದ ರೂಪ. ಚೀಸ್ ಹಾಲಿನ ಪ್ರೋಟೀನು ಮತ್ತು ಜಿಡ್ಡನ್ನು ಒಟ್ಟಿಗೆ ಹಿಡಿದಿಟ್ಟ ರೂಪ. ಕಡಿಮೆ ಹಾಲು, ಕಡಿಮೆ ಬಂಡವಾಳವಿರುವ ಮನೆಗೆ ಬೆಣ್ಣೆ ಮತ್ತು ತುಪ್ಪ. ಒಗ್ಗೂಡಿದ ಗುಂಪಿಗೆ ಪನೀರ್. ದೊಡ್ಡ ಡೇರಿಗೆ ಚೀಸ್ ಎಂಬುದು ಸದ್ಯದ ಸೂಕ್ತ ವಿಂಗಡಣೆ. ಯಾವ ದಾರಿ ಹಿಡಿದರೂ ಶುದ್ಧ ಹಾಲು, ಆರೋಗ್ಯವಂತ ರಾಸು ಮತ್ತು ಸರಿಯಾದ ಕಾವು ಮೂಲ ಬಂಡವಾಳ. ಹಾಲಿನ ಮೌಲ್ಯವರ್ಧನೆಯ ಬಗ್ಗೆ ಹೆಚ್ಚಿನ ಮಾಹಿತಿ ಬಯಸುವ ರೈತರು ಮತ್ತು ಮಹಿಳಾ ಸಂಘಗಳು ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು, ರಾಸುಗಳ ಆರೋಗ್ಯದ ವಿಷಯದಲ್ಲಿ ಸಮೀಪದ ಪಶು ಆಸ್ಪತ್ರೆಯನ್ನು ಸಂಪರ್ಕಿಸಬಹುದು.